ಹೊರದೇಶದ ಕಂಪೆನಿ ಯಾವ ದಾರಿಯಿಂದ ಬರುತ್ತದೆ?

ದೂರದ ಊರಲ್ಲಿರುವವನಿಗೆ ನಮ್ಮೂರಲ್ಲಿ ಹೊಲವಿದ್ದರೆ ಏನು ಮಾಡ್ತಾನೆ? ತಾನೇ ಬಂದು ಬೇಸಾಯ ಮಾಡ್ತಾನೆ, ಪಾಲಿಗೆ ಹಾಕ್ತಾನೆ, ಇಲ್ಲಾ ಲಾವಣಿಗೆ ಕೊಡ್ತಾನೆ. ಹೊರದೇಶದ ಕಂಪೆನಿಗಳ ಲೆಕ್ಕವೂ ಹೆಚ್ಚು ಕಡಿಮೆ ಇದೇ. ಅವಕ್ಕೆ ಇನ್ನೊಂದು ದಾರಿಯೂ ಇದೆ: ತಾವು ಬಾರದೆ ಸರಕು ಮಾತ್ರ ಕಳಿಸುವುದು.

ಸರಕು ಕಳಿಸುವುದು: ಚನ್ನಗಿರಿಯ ಅಡಿಕೆ ತೋಟಕ್ಕೆ ಹಾಕುವ ಪೊಟ್ಯಾಷ್ ಕೆನಡಾ, ರಷ್ಯಾಗಳಂಥ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಕಳಿಸುವವರಿಗೆ ಇಲ್ಲಿ ಕಾರ್ಖಾನೆ ಕಟ್ಟುವ ಖರ್ಚಿಲ್ಲ.

ಪಾಲು: ಅಮೆರಿಕದ ಮಾನ್ಸಾಂಟೊ 1998ರಲ್ಲಿ ನಮ್ಮ ದೇಶದ ಮಹಿಕೋ ಬೀಜ ಕಂಪೆನಿಯಲ್ಲಿ ಶೇ. 26 ಪಾಲು ಕೊಂಡಿತು. ಇಬ್ಬರೂ ಸಮಪಾಲಿನಲ್ಲಿ ಮತ್ತೊಂದು ಕಂಪೆನಿ ಮಾಡಿದರು. ತಂತ್ರಜ್ಞಾನ ಅವರದು, ಇಲ್ಲಿನ ತಳಿ, ಮಾರಾಟದ ಜಾಲ ಮಹಿಕೋದ್ದು.

ಲಾವಣಿ: 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಆ ಜಂಟಿ ಕಂಪೆನಿ ಹಲವು ದೇಶಿ ಬೀಜ ಕಂಪೆನಿಗಳಿಗೆ ಲೈಸೆನ್ಸ್ ಕೊಟ್ಟು ಪಾಕೀಟಿಗಿಷ್ಟು ಎಂದು ಬಾಡಿಗೆ ಪಡೆಯಿತು. ಜಗಳೂರಿನ ರೈತ ಕೊಟ್ಟ ಬೀಜದ ದುಡ್ಡಿನಲ್ಲಿ ಈ ಬಾಡಿಗೆಯೂ ಸೇರಿರುತ್ತಿತ್ತು. 2016ರಲ್ಲಿ ಕೇಂದ್ರ ಸರಕಾರ ಎರಡನೇ ಪೀಳಿಗೆಯ ಬಿಟಿ ಹತ್ತಿಯ 450 ಗ್ರಾಂ ಪಾಕೀಟಿಗೆ 800 ರೂ. ಮಿತಿ ಹಾಕಿತು. ಅದರಲ್ಲಿ ಬಾಡಿಗೆ 49 ರೂ. 2020ರಲ್ಲಿ ಬಾಡಿಗೆಯನ್ನೇ ತೆಗೆಯಿತು.

ಸ್ವಂತ ಬೇಸಾಯ: ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಮೆಕ್ಕೆಜೋಳ ಹೇರಳ. ಕಾರ್ಗಿಲ್ ಕಂಪೆನಿ 2010ರ ದಶಕದಲ್ಲಿ ದಾವಣಗೆರೆ ಸಮೀಪ ಮೆಕ್ಕೆಜೋಳ ಸಂಸ್ಕರಿಸುವ ಕಾರ್ಖಾನೆಯನ್ನೇ ಕಟ್ಟಿತು. ಕಚ್ಚಾಮಾಲು ಇಲ್ಲೇ ಇರುವಾಗ ಹತ್ತಿರ ಬರುವುದೇ ಲಾಭ. ಆದರೆ ನೆಲದಲ್ಲಿ ಹಣ ಹೂತವನಿಗೆ ಅಪಾಯವೂ ಹೆಚ್ಚು. ಇದೇ ಕಾರ್ಗಿಲ್ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಬೀಜ ಘಟಕವನ್ನು 1993ರಲ್ಲಿ ರೈತ ಸಂಘದವರು ಕೆಡವಿದ್ದರು.

ಹಾಗಾದರೆ ದಾರಿ ಆರಿಸುವುದು ಹೇಗೆ? ಅವರು ಮೂರು ಪ್ರಶ್ನೆ ಹಾಕಿಕೊಳ್ತಾರೆ ಅಂತ ನನ್ನ ಎಣಿಕೆ. ಗುಟ್ಟು ಬೇರೆಯವರ ಕೈಗೆ ಹೋದರೆ ನಷ್ಟವೆಷ್ಟು? ಇಲ್ಲಿನ ಮಣ್ಣು, ಮಾರುಕಟ್ಟೆ, ಕಾನೂನು ಬಲ್ಲವರು ಜೊತೆಗೆ ಬೇಕೆ? ಎಷ್ಟು ಹಣ ಕಳೆದುಕೊಳ್ಳಲು ತಯಾರಿದ್ದೇವೆ? ಗುಟ್ಟು ದೊಡ್ಡದಾದರೆ ಸ್ವಂತ, ಊರು ಹೊಸದಾದರೆ ಪಾಲು, ಹಣ ಹಾಕದೆ ಬೇಗ ಹರಡಬೇಕಾದರೆ ಲಾವಣಿ.

ನಮಗೆ ಇದು ಯಾಕೆ ಬೇಕು? ಲಾವಣಿ ದಾರಿಯಲ್ಲಿ ತಂತ್ರಜ್ಞಾನದ ಒಡೆಯ ಒಬ್ಬ, ಬೀಜ ಮಾರುವವನು ಇನ್ನೊಬ್ಬ. ಬೆಳೆ ಕೈಕೊಟ್ಟಾಗ ಮೊದಲು ಕೇಳಬೇಕಾದದ್ದು ಪಾಕೀಟಿನ ಮೇಲೆ ಹೆಸರಿರುವವನನ್ನು. ಅದಕ್ಕೇ ಬೀಜ ಕೊಂಡಾಗ ರಸೀದಿ, ಖಾಲಿ ಪಾಕೀಟು, ಒಂದು ಹಿಡಿ ಬೀಜ ಕಟಾವಿನವರೆಗೂ ಎತ್ತಿಡಿ. ಮೊಳಕೆ ಬಾರದಿದ್ದರೆ ಹೊಲ ಹರಗುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಡಿ. ಕಂಪೆನಿ ಯಾವ ದಾರಿಯಿಂದಲೇ ಬರಲಿ, ನಮ್ಮ ಕೈಯಲ್ಲಿ ಕಾಗದ ಇರಲಿ.