ಲೆನ್ಸಿನ ಬೂಷ್ಟು, ಗಲ್ಲದ ಮಚ್ಚೆ

ಕೊಟ್ಟೂರಿನ ಒಂದು ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕೂತು ನೆಗೆಟಿವ್‌ಗಳಿಗೆ ಪೆನ್ಸಿಲ್ ಹಚ್ಚಿ ಕಣ್ಣು ಹಾಳು ಮಾಡಿಕೊಂಡವಳು ನಾನು. ಈಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಹುಡುಗರು ಮೊಬೈಲ್ ಹಿಡಿದು ಬಂದು "ದೊಡ್ಡಮ್ಮ, ನೋಡಿ ಹೇಳಿ" ಅಂತಾರೆ. ಹೇಳಿದ್ದನ್ನು ವಾರದಲ್ಲಿ ಮರೀತಾರೆ. ಅದಕ್ಕೇ ಬರೆದಿಟ್ಟಿದ್ದೇನೆ.

• ಅಜ್ಜನ ಟ್ರಂಕಿನಲ್ಲಿ ಹಳೇ ಲೆನ್ಸ್ ಸಿಕ್ಕರೆ ಕುಣಿಯುವ ಮೊದಲು ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಒಳ್ಳೇ ಲೆನ್ಸುಗಳ ಪಕ್ಕ ಇಡಬೇಡಿ.

• ಚಂದ ಇದೆ ಅಂತ ಚರ್ಮದ ಕೇಸಿನಲ್ಲೇ ಮುಚ್ಚಿಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಸಾಕು. ವರ್ಷಗಟ್ಟಲೆ ಅದೇ ಪೊಟ್ಟಣ ಬೇಡ, ತೇವ ಕುಡಿದು ಅದಕ್ಕೂ ಹೊಟ್ಟೆ ತುಂಬಿರುತ್ತದೆ. ಅಕ್ಕಿಯಲ್ಲಂತೂ ಹೂಳಬೇಡಿ, ಹಿಟ್ಟೆಲ್ಲ ಫೋಕಸ್ ರಿಂಗಿಗೆ ಸೇರುತ್ತದೆ.

• ರಷ್ಯದ ಜೆನಿತ್ ಕ್ಯಾಮೆರಾದ ಜೊತೆ ಬರುತ್ತಿದ್ದ ಹೀಲಿಯೋಸ್ 44-2, ಅದೇ 58 ಎಂಎಂ, ಈಗ ಎಲ್ಲರಿಗೂ ಬೇಕು. ಹಿಂದಿನ ಎಲೆಗಳನ್ನು ಸುಳಿಸುಳಿ ಮಾಡುತ್ತದೆ. ಹಡಗಲಿಯ ಮಲ್ಲಿಗೆ ತೋಟದಲ್ಲಿ ಒಂದೆರಡು ತೆಗೆಯಿರಿ, ಇಪ್ಪತ್ತು ಬೇಡ. ಸುಳಿ ನೋಡುತ್ತಾ ಹೂ ಬಿಡಿಸುವಾಕೆಯನ್ನೇ ಮರೆತುಬಿಡುತ್ತೀರಿ.

• ಇಂಥ ಹಳೇ ಲೆನ್ಸನ್ನು ಈಗಿನ ಕ್ಯಾಮೆರಾಕ್ಕೆ ಕೂರಿಸುವ ಅಡಾಪ್ಟರ್ ಕೊಳ್ಳುವ ಮೊದಲು ಕೇಳಿ. ನಿಕಾನ್‌ನ ಕನ್ನಡಿ ಇರುವ ಕ್ಯಾಮೆರಾಕ್ಕೆ ಬರೀ ರಿಂಗ್ ಹಾಕಿದರೆ ದೂರದ್ದಕ್ಕೆ ಫೋಕಸ್ ಸಿಗುವುದಿಲ್ಲ. ದುಡ್ಡು ದಂಡ.

• ಮೈಲಾರದ ಜಾತ್ರೆಗೆ ಹೋದಾಗ ಮೈಲಾರಲಿಂಗನ ಭಕ್ತ ಗೊರವಯ್ಯನ ಕರಿ ಕಂಬಳಿ ನಿಮ್ಮ ಕ್ಯಾಮೆರಾಕ್ಕೆ ಮೋಸ ಮಾಡುತ್ತದೆ. ಕತ್ತಲೆ ಅಂದುಕೊಂಡು ಬೆಳಕು ಏರಿಸಿ, ಮುಖ, ಅರಿಶಿನದ ಭಂಡಾರ ಎರಡನ್ನೂ ಬಿಳುಚಿಸಿಬಿಡುತ್ತದೆ. ಒಂದು ಸ್ಟಾಪ್ ಇಳಿಸಿ.

• ಅದೇ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಭವಿಷ್ಯ ನುಡಿಯುವ ಕಾರ್ಣಿಕದ ಹೊತ್ತಿಗೆ ಶಬ್ದ, ಫ್ಲಾಶ್ ಎರಡೂ ಬಂದ್ ಮಾಡಿ. ಅವರು "ಸದ್ದಲೇ" ಅಂದ ಮೇಲೆ ಲಕ್ಷ ಜನ ಉಸಿರು ಬಿಗಿಹಿಡಿದಿರುವಾಗ ನಿಮ್ಮದೊಂದು ಟಿಕ್ ಟಿಕ್ ಬೇಡ. ಗೊರವಯ್ಯ ಬಿಲ್ಲಿನಿಂದ ಬೀಳುವಾಗ ಹಿಡಿಯಲು ಎದ್ದ ಕೈಗಳಿರುತ್ತವಲ್ಲ, ಅವನ್ನು ತೆಗೆಯಿರಿ.

• ಕೊಟ್ಟೂರು ತೇರಿನ ಗಾಲಿಯ ಹತ್ತಿರ ಹೋಗಬೇಡಿ. 2017ರಲ್ಲಿ ತೇರು ಉರುಳಿದ್ದು ಮರೆಯಬೇಡಿ.

• ಅಂಕಸಮುದ್ರದ ಹಕ್ಕಿಗಳ ಕೆರೆ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ದೊಡ್ಡ ಲೆನ್ಸಿನವರು ಹೆಚ್ಚಾಗಿದ್ದಾರೆ. ಗೂಡಿನ ಹತ್ತಿರ ನುಗ್ಗಬೇಡಿ. ತಾಯಿಹಕ್ಕಿ ಎದ್ದರೆ ನಮ್ಮ ಸೀಮೆಯ ಬಿಸಿಲು ಮೊಟ್ಟೆಯನ್ನು ಬಿಡುವುದಿಲ್ಲ. ಗೂಡು ಕಾಣುವ ಫೋಟೋ ಹಂಚುವಾಗ ಜಾಗ ಹೇಳಬೇಡಿ.

• ಮುಖ ತಿದ್ದುವಾಗ ನನ್ನ ಲೆಕ್ಕ ಹಿಡಿಯಿರಿ: ಹದಿನೈದು ದಿನದಲ್ಲಿ ತಾನೇ ಹೋಗುವುದನ್ನು ಅಳಿಸಿ, ಹುಟ್ಟಿನಿಂದ ಬಂದದ್ದನ್ನು ಬಿಡಿ. ಈ ಬುದ್ಧಿ ನನಗೆ ಪೆಟ್ಟು ತಿಂದೇ ಬಂದದ್ದು. ನೆಗೆಟಿವ್‌ನಲ್ಲಿ ಮಚ್ಚೆ ಬೆಳ್ಳಗೆ ಒಂದು ಚುಕ್ಕೆಯಾಗಿ ಕಾಣುತ್ತದೆ. ಮದುಮಗಳೊಬ್ಬಳ ಗಲ್ಲದ ಮೇಲಿನ ಆ ಚುಕ್ಕೆಯನ್ನು ಧೂಳೆಂದುಕೊಂಡು ಸೀಸ ತುಂಬಿಬಿಟ್ಟೆ. ಪ್ರಿಂಟಿನಲ್ಲಿ ಮಚ್ಚೆಯೇ ಇಲ್ಲ! ಅವರಜ್ಜಿ ಆಲ್ಬಂ ತಂದು ಕೌಂಟರ್ ಮೇಲಿಟ್ಟು, "ಇದು ಯಾರ ಮನೆ ಹುಡುಗಿ?" ಅಂದರು.

• ಮೈಬಣ್ಣ ಬಿಳಿ ಮಾಡಬೇಡಿ. ಬಿಸಿಲಲ್ಲಿ ಶೇಂಗಾ ಕಿತ್ತವರ ಮುಖ ಹಾಲಿನಂತಾದರೆ ಕುತ್ತಿಗೆ, ಕೈ ನಿಜ ಹೇಳಿಬಿಡುತ್ತವೆ. ಮೂಗುತಿಯ ಹೊಳಪು, ಹಣೆಯ ವಿಭೂತಿಯ ಬಿರುಕು ನಯ ಮಾಡುವ ಬ್ರಷ್ಷಿಗೆ ಸಿಗದಂತೆ ನೋಡಿಕೊಳ್ಳಿ.

• ರಾತ್ರಿ ತಿದ್ದಿದ್ದನ್ನು ರಾತ್ರಿಯೇ ಕಳಿಸಬೇಡಿ. ಬೆಳಗ್ಗೆ ಚಹಾ ಕುಡಿದು ನೋಡಿ, ಅರ್ಧಕ್ಕೆ ಇಳಿಸುತ್ತೀರಿ. ಮೂಲ ಪ್ರತಿ ಬೇರೆಯೇ ಇಡಿ.

• ತೋರಿಸುವಾಗ ಐದೇ ತೋರಿಸಿ. ನಮಗೆ ರೋಲಿಗೆ 36 ಇತ್ತು, ಅದರಲ್ಲಿ ದೊಡ್ಡದು ಮಾಡಿಸುತ್ತಿದ್ದುದು ಮೂರೋ ನಾಲ್ಕೋ. ವಾಟ್ಸಾಪ್‌ನಲ್ಲಾದರೆ ಡಾಕ್ಯುಮೆಂಟ್ ಮಾಡಿ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಹಿಪ್ಪೆ ಮಾಡುತ್ತದೆ.

• "ಹೇಗಿದೆ?" ಅಂತ ಕೇಳಬೇಡಿ, "ಸೂಪರ್" ಅಂತ ಬರುತ್ತದೆ, ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. "ಮೊದಲು ಕಣ್ಣು ಎಲ್ಲಿಗೆ ಹೋಯಿತು?" ಅಂತ ಕೇಳಿ. ಉತ್ತರ ಬಂದಾಗ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಿ, ಸಮಜಾಯಿಷಿ ಕೊಡಬೇಡಿ.

• ಬೇರೆಯವರದ್ದಕ್ಕೆ ಹೇಳುವಾಗ ಒಂದು ನಿಮಿಷ ಸುಮ್ಮನೆ ನೋಡಿ. "ಯಾವ ಲೆನ್ಸ್?" ಅನ್ನುವುದು ಆಮೇಲೆ. ಅವರ ಕೈಲಾಗುವ ಒಂದೇ ತಪ್ಪು ಹೇಳಿ: "ತಲೆ ಮೇಲೆ ಲೈಟ್ ಕಂಬ ಎದ್ದಿದೆ, ಎರಡು ಹೆಜ್ಜೆ ಎಡಕ್ಕೆ ಸರಿಯಬೇಕಿತ್ತು." ಹೊಸಬರಿಗೆ ಹತ್ತು ತಪ್ಪು ಒಟ್ಟಿಗೆ ಹೇಳಿದರೆ ಕ್ಯಾಮೆರಾ ಅಟ್ಟ ಸೇರುತ್ತದೆ. ಹೊಗಳಿದರೂ ಯಾಕೆ ಅಂತ ಹೇಳಿ.

• ಜಾತ್ರೆಯಲ್ಲಿ ಯಾರದಾದರೂ ಮುಖ ತೆಗೆದ ಮೇಲೆ ಅವರಿಗೊಂದು ಪ್ರಿಂಟ್ ಕೊಡಿ. ನಾಲ್ಕು ಚಹಾದ ದುಡ್ಡು ಅಷ್ಟೇ. ವರ್ಷ ಕಳೆದು ಅದೇ ಜಾತ್ರೆಗೆ ಹೋಗುವಾಗ ಪ್ರಿಂಟಿನ ಲಕೋಟೆಯ ಮೇಲೆ ಊರು ಬರೆದು ಚೀಲದ ಹೊರಜೇಬಿನಲ್ಲಿಡಿ. ಒಳಗಿಟ್ಟರೆ ಮರೆತು ಬರುತ್ತೀರಿ, ನನಗೆ ಗೊತ್ತು.