ಕೈ ಪಲ್ಪರಿಗೆ ಮೋಟಾರು ಜೋಡಿಸುವ ಮುನ್ನ

ಕಾಫಿ ಹಣ್ಣನ್ನು ಕೊಯ್ದ ದಿನವೇ ಪಲ್ಪ್ ಮಾಡಬೇಕೆಂಬುದು ಬೆಳೆಗಾರರೆಲ್ಲರೂ ಬಲ್ಲ ಮಾತು. ರಾಶಿ ಹಾಕಿಟ್ಟ ಹಣ್ಣು ಬಿಸಿಯೇರಿ ಹುಳಿಯುತ್ತದೆ. ಆಮೇಲೆ ಎಷ್ಟು ತೊಳೆದರೂ ಪಾರ್ಚ್‌ಮೆಂಟಿಗೆ ಮೊದಲಿನ ಗುಣ ಬರುವುದಿಲ್ಲ. ಆದರೆ ಹಗಲೆಲ್ಲ ಹಣ್ಣು ಕೊಯ್ದು ದಣಿದವರನ್ನು ಸಂಜೆ ಪಲ್ಪರಿನ ಹ್ಯಾಂಡಲ್ ತಿರುಗಿಸಲು ಕರೆಯುವುದು ಈಗ ಸುಲಭವಲ್ಲ. ಆದುದರಿಂದ ಸಣ್ಣ ತೋಟಗಳಲ್ಲಿ ಉಳಿದಿರುವ ಹಳೆಯ ಕೈ ಪಲ್ಪರುಗಳಿಗೆ ಮೋಟಾರು ಜೋಡಿಸುವ ಯೋಚನೆ ಬರುವುದು ಸಹಜ. ಯಂತ್ರ ಗಟ್ಟಿಯಾಗಿದ್ದರೆ ಇದು ಒಳ್ಳೆಯ ಯೋಚನೆಯೇ. ಆದರೆ ಮನೆಯಲ್ಲಿರುವ ಯಾವುದೋ ಮೋಟಾರನ್ನು, ಅಂಗಡಿಯಲ್ಲಿ ಸಿಕ್ಕಿದ ಪುಲ್ಲಿಯ ಮೂಲಕ ಜೋಡಿಸಿದರೆ ಹಣ್ಣಿಗೂ ಯಂತ್ರಕ್ಕೂ, ಕೆಲವೊಮ್ಮೆ ಕೈಬೆರಳಿಗೂ ಅಪಾಯ.

ಇದಕ್ಕೆ ಕಾರಣ ಸರಳವಾಗಿದೆ. ಹ್ಯಾಂಡಲ್ ತಿರುಗಿಸುವ ಕೈ ಒಂದೇ ಕೆಲಸ ಮಾಡುವುದಿಲ್ಲ. ಅದು ಯಂತ್ರವನ್ನು ತಿರುಗಿಸುತ್ತದೆ. ಹಣ್ಣು ಹೆಚ್ಚಾಗಿ ಬಿದ್ದಾಗ ನಿಧಾನವಾಗುತ್ತದೆ. ಕಲ್ಲು ಸಿಕ್ಕಿದಾಗ ತಕ್ಷಣ ನಿಲ್ಲುತ್ತದೆ. ಮೋಟಾರು ಮೊದಲನೆಯ ಕೆಲಸವನ್ನು ಮಾತ್ರ ಮಾಡಬಲ್ಲದು. ಉಳಿದ ಎರಡು ಕೆಲಸಗಳಿಗೆ ನಾವೇ ಏರ್ಪಾಡು ಮಾಡಿಕೊಡಬೇಕು. ಈ ಲೇಖನದಲ್ಲಿ ಹೇಳುವುದೆಲ್ಲ ಇದಕ್ಕೆ ಸಂಬಂಧಿಸಿದ್ದೇ.

ಮೊದಲು ಯಂತ್ರವನ್ನು ಪರೀಕ್ಷಿಸಿರಿ

ಸವೆದ ಪಲ್ಪರಿಗೆ ಮೋಟಾರು ಹಾಕಿದರೆ ಕಾಳನ್ನು ಇನ್ನೂ ಬೇಗ ಕೆಡಿಸಿದಂತಾಗುತ್ತದೆ. ಡ್ರಮ್ಮಿನ ಅಥವಾ ಡಿಸ್ಕಿನ ಮೇಲಿನ ಉಬ್ಬುಗಳು ಸವೆದಿವೆಯೇ, ಹರಿದಿವೆಯೇ ನೋಡಬೇಕು. ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಬೇಕು. ಅಲುಗಿದರೆ ಬುಷ್ ಸವೆದಿದೆ ಎಂದರ್ಥ. ಶಾಫ್ಟು ಅಲುಗುವ ಯಂತ್ರದಲ್ಲಿ ಹಣ್ಣು ಹಾಯುವ ಸಂದು ಒಂದು ಸುತ್ತಿನಲ್ಲೇ ಹಿಗ್ಗಿ ಕುಗ್ಗುತ್ತದೆ; ಒಂದು ಕಡೆ ಹಣ್ಣು ಸುಲಿಯದೆ ಹೋದರೆ ಇನ್ನೊಂದು ಕಡೆ ಕಾಳು ಕತ್ತರಿಸುತ್ತದೆ. ಬುಷ್ ಬದಲಾಯಿಸಿ, ಎಣ್ಣೆ ಹಾಕಲು ರಂಧ್ರವಿದೆಯೇ ನೋಡಿಕೊಂಡು ಮುಂದುವರಿಯುವುದು ಲೇಸು. ಕೈಯಿಂದ ತಿರುಗುವ ಯಂತ್ರಕ್ಕೆ ವಾರಕ್ಕೊಮ್ಮೆ ಸಾಕಾಗುತ್ತಿದ್ದ ಎಣ್ಣೆ ಮೋಟಾರು ಹಾಕಿದ ಮೇಲೆ ದಿನವೂ ಬೇಕಾಗುತ್ತದೆ.

ವೇಗದ ಲೆಕ್ಕ

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಕೈ ಪಲ್ಪರಿಗೆ ಅಷ್ಟು ವೇಗ ಸಲ್ಲದು. ವೇಗ ಮಿತಿಮೀರಿದರೆ ಹಣ್ಣು ಸಂದಿನಲ್ಲಿ ಸರಿಯಾಗಿ ಕೂರದೆ ಎಗರುತ್ತದೆ. ಸುಲಿಯದ ಹಣ್ಣು, ಸೀಳಿದ ಕಾಳು ಎರಡೂ ಹೆಚ್ಚುತ್ತವೆ. ಸೀಳಿದ ಕಾಳು ಹುದುಗಿಸುವಾಗ ಮತ್ತು ಒಣಗಿಸುವಾಗ ಬಣ್ಣಗೆಟ್ಟು, ಕ್ಯೂರಿಂಗ್ ಆದ ಮೇಲೆ ದೋಷದ ಲೆಕ್ಕಕ್ಕೆ ಸೇರುತ್ತದೆ.

ತಯಾರಕರು ವೇಗವನ್ನು ತಿಳಿಸಿದ್ದರೆ ಅದನ್ನೇ ಅನುಸರಿಸಬೇಕು. ಹಳೆಯ ಯಂತ್ರದಲ್ಲಿ ಅದು ತಿಳಿಯದಿದ್ದರೆ, ಒಬ್ಬರು ಹಣ್ಣು ಹಾಕುತ್ತ ಇನ್ನೊಬ್ಬರು ಸಮನಾಗಿ ತಿರುಗಿಸುತ್ತಿರುವಾಗ ಗಡಿಯಾರ ನೋಡಿ ನಿಮಿಷಕ್ಕೆ ಎಷ್ಟು ಸುತ್ತಾಯಿತೆಂದು ಎಣಿಸಬೇಕು. ಅದರ ಒಂದೂವರೆ ಪಟ್ಟು ಮೀರದಂತೆ ಮೋಟಾರಿನ ವೇಗವನ್ನು ಹೊಂದಿಸಬೇಕೆಂಬುದು ನಮ್ಮ ಸಲಹೆ. ಕೈಯಿಂದ 60 ಸುತ್ತು ಬರುತ್ತಿದ್ದರೆ ಮೋಟಾರಿನಿಂದ 90 ಸುತ್ತು ಸಾಕು. ಕೆಲವು ಯಂತ್ರಗಳಲ್ಲಿ ಹ್ಯಾಂಡಲಿಗೂ ಡ್ರಮ್ಮಿಗೂ ನಡುವೆ ಹಲ್ಲಿನ ಗಾಲಿಗಳಿರುತ್ತವೆ. ಅಂಥಲ್ಲಿ ಹ್ಯಾಂಡಲ್ ಇದ್ದ ಶಾಫ್ಟಿಗೇ ಪುಲ್ಲಿ ಹಾಕಿ, ಹ್ಯಾಂಡಲಿನ ಸುತ್ತನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಪುಲ್ಲಿಯ ನಿಯಮ ಹೀಗಿದೆ: ಮೋಟಾರಿನ ಸುತ್ತನ್ನು ಅದರ ಪುಲ್ಲಿಯ ಅಗಲದಿಂದ ಗುಣಿಸಿ, ಎದುರಿನ ಪುಲ್ಲಿಯ ಅಗಲದಿಂದ ಭಾಗಿಸಿದರೆ ಎದುರಿನ ಶಾಫ್ಟಿನ ಸುತ್ತು ಸಿಗುತ್ತದೆ. 1440 ಸುತ್ತನ್ನು 90ಕ್ಕೆ ಇಳಿಸಲು 16 ಪಟ್ಟು ಇಳಿಕೆ ಬೇಕು. ಮೋಟಾರಿಗೆ 3 ಅಂಗುಲದ ಪುಲ್ಲಿ ಹಾಕಿದರೆ ಪಲ್ಪರಿಗೆ 48 ಅಂಗುಲದ ಪುಲ್ಲಿ ಬೇಕಾಗುತ್ತದೆ. ಇದು ಆಗದ ಮಾತು. ಮೋಟಾರಿನ ಪುಲ್ಲಿಯನ್ನು ಇನ್ನೂ ಚಿಕ್ಕದು ಮಾಡೋಣವೆಂದರೆ, ಎ ಸೆಕ್ಷನ್ ವಿ ಬೆಲ್ಟು 3 ಅಂಗುಲಕ್ಕಿಂತ ಚಿಕ್ಕ ಪುಲ್ಲಿಯ ಮೇಲೆ ಬಹಳ ಬಾಗಿ, ಬಿಸಿಯಾಗಿ ಬೇಗ ಬಿರುಕು ಬಿಡುತ್ತದೆ.

ಆದುದರಿಂದ ನಡುವೆ ಇನ್ನೊಂದು ಶಾಫ್ಟನ್ನು ಎರಡು ಬೇರಿಂಗುಗಳ ಮೇಲೆ ಕೂರಿಸಿ, ವೇಗವನ್ನು ಎರಡು ಹಂತಗಳಲ್ಲಿ ಇಳಿಸಬೇಕು.

ಮೊದಲ ಹಂತ: ಮೋಟಾರಿನಲ್ಲಿ 3 ಅಂಗುಲ, ನಡು ಶಾಫ್ಟಿನಲ್ಲಿ 12 ಅಂಗುಲ. 1440 ಸುತ್ತು 360 ಆಗುತ್ತದೆ.
ಎರಡನೆಯ ಹಂತ: ನಡು ಶಾಫ್ಟಿನಲ್ಲಿ 3 ಅಂಗುಲ, ಪಲ್ಪರಿನಲ್ಲಿ 12 ಅಂಗುಲ. 360 ಸುತ್ತು 90 ಆಗುತ್ತದೆ.

ಎರಡನೆಯ ಹಂತದಲ್ಲಿ ಬೆಲ್ಟು ನಿಧಾನವಾಗಿ ಓಡುವುದರಿಂದ ಅದರ ಮೇಲೆ ಎಳೆತ ಹೆಚ್ಚು. ಅಲ್ಲಿಗೆ ಎರಡು ಗಾಡಿಯ ಪುಲ್ಲಿ ಹಾಕಿ ಜೋಡಿ ಬೆಲ್ಟು ಉಪಯೋಗಿಸುವುದು ಒಳ್ಳೆಯದು. ಪಲ್ಪರಿನಲ್ಲಿ ಚಪ್ಪಟೆ ಅಂಚಿನ ದೊಡ್ಡ ಗಾಲಿ ಮೊದಲೇ ಇದ್ದರೆ ಅದನ್ನೇ ಪುಲ್ಲಿಯಾಗಿ ಬಳಸಬಹುದು. ಎದುರಿನ ಚಿಕ್ಕ ಪುಲ್ಲಿಗೆ ಗಾಡಿ ಇದ್ದರೆ ಸಾಕು, ದೊಡ್ಡ ಗಾಲಿಗೆ ಗಾಡಿ ಬೇಕಿಲ್ಲ. ಆಗ ಆ ಗಾಲಿಯ ಅಗಲವನ್ನು ಹಿಡಿದು ಹೊಸದಾಗಿ ಲೆಕ್ಕ ಹಾಕಬೇಕು.

ಎಷ್ಟು ಅಶ್ವಶಕ್ತಿ ಬೇಕು?

ದೊಡ್ಡ ಮೋಟಾರಿದ್ದರೆ ಒಳ್ಳೆಯದೆಂಬ ಭಾವನೆ ಸಾಮಾನ್ಯವಾಗಿದೆ. ಪಲ್ಪರಿನ ಮಟ್ಟಿಗೆ ಅದು ಸರಿಯಲ್ಲ. ಬೇಕಾದ ಶಕ್ತಿಯನ್ನು ಮನೆಯಲ್ಲೇ ಅಳೆಯಬಹುದು. ಪಲ್ಪರಿಗೆ ಹಣ್ಣು ತುಂಬಿ, ಹ್ಯಾಂಡಲಿನ ತುದಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಹ್ಯಾಂಡಲಿಗೆ ಅಡ್ಡಲಾಗಿ ಎಳೆದು ತಿರುಗಿಸಿರಿ. ತಕ್ಕಡಿ ತೋರಿಸುವ ಅತಿ ಹೆಚ್ಚಿನ ತೂಕವನ್ನು ಬರೆದುಕೊಳ್ಳಿರಿ. ಆ ಕಿಲೋವನ್ನು ಹ್ಯಾಂಡಲಿನ ಉದ್ದದಿಂದ (ಮೀಟರಿನಲ್ಲಿ) ಗುಣಿಸಿ, ಮತ್ತೆ ನಿಮಿಷದ ಸುತ್ತಿನಿಂದ ಗುಣಿಸಿ, 716ರಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ.

ಉದಾಹರಣೆಗೆ ತಕ್ಕಡಿ 6 ಕಿಲೋ ತೋರಿಸಿತು, ಹ್ಯಾಂಡಲಿನ ಉದ್ದ 30 ಸೆಂಟಿಮೀಟರ್ ಎಂದುಕೊಳ್ಳೋಣ. 6ನ್ನು 0.3ರಿಂದ ಗುಣಿಸಿದರೆ 1.8; ಅದನ್ನು 90ರಿಂದ ಗುಣಿಸಿದರೆ 162; 716ರಿಂದ ಭಾಗಿಸಿದರೆ 0.23. ಎಂದರೆ ಕಾಲು ಅಶ್ವಶಕ್ತಿಗಿಂತ ಸ್ವಲ್ಪ ಕಡಿಮೆ. ಬೆಲ್ಟಿನಲ್ಲಿ ಆಗುವ ನಷ್ಟ, ಒಮ್ಮೆಲೇ ಹೆಚ್ಚು ಹಣ್ಣು ಬೀಳುವುದು ಇವೆಲ್ಲಕ್ಕೂ ಸೇರಿಸಿ ಅದರ ಎರಡರಷ್ಟು ಹಿಡಿದರೆ ಅರ್ಧ ಅಶ್ವಶಕ್ತಿಯ ಮೋಟಾರು ಸಾಕಾಗುತ್ತದೆ.

ಈ ಅರ್ಧ ಅಶ್ವಶಕ್ತಿಯನ್ನು ಅಲ್ಪವೆಂದು ತಿಳಿಯಬಾರದು. ಬಹಳ ಹೊತ್ತು ಬಿಡದೆ ದುಡಿಯುವ ಮನುಷ್ಯ ಕೊಡಬಲ್ಲ ಶಕ್ತಿ ಅಶ್ವಶಕ್ತಿಯ ಹತ್ತನೆಯ ಒಂದು ಭಾಗ ಮಾತ್ರ. 90 ಸುತ್ತಿಗೆ ಇಳಿಸಿದ ಅರ್ಧ ಅಶ್ವಶಕ್ತಿಯ ಮೋಟಾರು ಅದೇ ಹ್ಯಾಂಡಲಿನ ತುದಿಯಲ್ಲಿ 13 ಕಿಲೋದಷ್ಟು ಬಲದಿಂದ ತಳ್ಳುತ್ತಿರುತ್ತದೆ. ಏನಾದರೂ ಸಿಕ್ಕಿಕೊಂಡರೆ ನಿಲ್ಲುವ ಮೊದಲು ಅದರ ಎರಡರಷ್ಟು ಬಲ ಹಾಕಬಲ್ಲದು. ಎರಡು ಅಶ್ವಶಕ್ತಿಯ ಪಂಪಿನ ಮೋಟಾರನ್ನು ತಂದು ಜೋಡಿಸಿದರೆ ಅಡಕೆ ಗಾತ್ರದ ಕಲ್ಲೊಂದು ಡ್ರಮ್ಮಿನ ತಗಡನ್ನು ಹರಿದುಹಾಕಲು ಸಾಕು.

ಕಲ್ಲು ಸಿಕ್ಕಿದಾಗ

ಇಲ್ಲಿ ಬೆಲ್ಟೇ ನಮ್ಮ ರಕ್ಷಕ. ಹಣ್ಣು ತುಂಬಿದಾಗ ಜಾರದಷ್ಟು, ಕಲ್ಲು ಸಿಕ್ಕಿದಾಗ ಜಾರುವಷ್ಟು ಬಿಗಿ ಇರಬೇಕು. ಮೋಟಾರನ್ನು ಉದ್ದ ರಂಧ್ರದ ಪಟ್ಟಿಯ ಮೇಲೆ ಕೂರಿಸಿದರೆ ಬಿಗಿಯನ್ನು ಹೊಂದಿಸಿಕೊಳ್ಳಲು ಅನುಕೂಲ. ಎರಡೂ ಹಂತಗಳಲ್ಲಿ ಚೈನು ಹಾಕಿದರೆ ಅಥವಾ ಗೇರ್ ಪೆಟ್ಟಿಗೆಯಿಂದ ನೇರವಾಗಿ ಜೋಡಿಸಿದರೆ ಜಾರುವುದಕ್ಕೆ ಅವಕಾಶವೇ ಇಲ್ಲ. ಅಂಥ ಜೋಡಣೆಯಲ್ಲಿ ಒತ್ತಡ ಬಂದಾಗ ತಾನೇ ತುಂಡಾಗುವ ಮೆದು ಲೋಹದ ಪಿನ್ನನ್ನು ನಡುವೆ ಇರಿಸಬೇಕು. ಪಿನ್ನಿನ ಬೆಲೆ ಅಲ್ಪ, ಡ್ರಮ್ಮಿನ ಬೆಲೆ ಅಲ್ಪವಲ್ಲ.

ಕಲ್ಲು ಬಾರದಂತೆ ನೋಡಿಕೊಳ್ಳುವುದು ಇನ್ನೂ ಮೇಲು. ಹಣ್ಣನ್ನು ನೀರು ತುಂಬಿದ ತೊಟ್ಟಿಗೆ ಸುರಿದರೆ ಜಳ್ಳು ತೇಲುತ್ತದೆ, ಒಳ್ಳೆಯ ಹಣ್ಣು ಮುಳುಗುತ್ತದೆ. ಕಲ್ಲೂ ಮುಳುಗುತ್ತದೆಂಬುದನ್ನು ಮರೆಯಬಾರದು. ಆದುದರಿಂದ ಜಳ್ಳನ್ನು ತೆಗೆದ ಮೇಲೆ ತೊಟ್ಟಿಯನ್ನು ಬಗ್ಗಿಸಿ ಸುರಿಯದೆ, ಹಣ್ಣನ್ನು ಬುಟ್ಟಿಯಿಂದ ಮೊಗೆದು ಪಲ್ಪರಿಗೆ ಹಾಕಬೇಕು. ಕಲ್ಲು ತಳದಲ್ಲಿ ಉಳಿಯುತ್ತದೆ.

ವಿದ್ಯುತ್ತಿನ ವಿಚಾರ

ಮೋಟಾರು ಪೂರ್ಣ ಮುಚ್ಚಿದ ಬಗೆಯದಾಗಿರಬೇಕು. ಪಲ್ಪರಿನ ಸುತ್ತ ನೀರು ಚಿಮ್ಮುವುದು ತಪ್ಪದು. ಸಿಂಗಲ್ ಫೇಸಿನಲ್ಲಿ ನಡೆಸುವವರು ಕೆಪಾಸಿಟರ್ ಸ್ಟಾರ್ಟ್ ಮೋಟಾರನ್ನು ಕೇಳಿ ಪಡೆಯಬೇಕು. ಫ್ಯಾನಿನ ಬಗೆಯ ಮೋಟಾರಿಗೆ ಹೊರಡುವಾಗ ಬಲ ಸಾಲದು.

ಮಲೆನಾಡಿನ ಲೈನುಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುವುದು ಹೊಸದಲ್ಲ. 230 ವೋಲ್ಟು 184ಕ್ಕೆ ಇಳಿದರೆ, ಎಂದರೆ ಐದನೆಯ ಒಂದು ಭಾಗ ಕಡಿಮೆಯಾದರೆ, ಮೋಟಾರಿನ ಹೊರಡುವ ಬಲ ನೂರಕ್ಕೆ 64ಕ್ಕೆ ಕುಸಿಯುತ್ತದೆ. ಆದುದರಿಂದ ಯಾವಾಗಲೂ ಖಾಲಿ ಯಂತ್ರವನ್ನು ಹೊರಡಿಸಿ, ವೇಗ ಬಂದ ಮೇಲೆ ಹಣ್ಣು ಹಾಕಬೇಕು. ನಿಲ್ಲಿಸುವಾಗ ಹಣ್ಣು ಪೂರ್ತಿ ಮುಗಿದ ಮೇಲೆ ನಿಲ್ಲಿಸಬೇಕು.

ಕರೆಂಟು ಹೋಗಿ ಬರುವ ಹೊತ್ತೇ ಎಲ್ಲಕ್ಕಿಂತ ಅಪಾಯದ್ದು. ಯಂತ್ರ ನಿಂತಿತೆಂದು ಹಾಪರಿಗೆ ಕೈ ಹಾಕಿ ಹಣ್ಣು ತೆಗೆಯುತ್ತಿರುವಾಗ ಕರೆಂಟು ಬಂದರೆ, ಬರಿಯ ಸ್ವಿಚ್ಚಿನ ಮೇಲಿರುವ ಮೋಟಾರು ತಾನಾಗಿ ಹೊರಡುತ್ತದೆ. ಆದುದರಿಂದ ಕರೆಂಟು ಹೋದೊಡನೆ ಬಿಟ್ಟುಕೊಳ್ಳುವ, ಮತ್ತೆ ಹಸಿರು ಗುಂಡಿ ಒತ್ತಿದರೆ ಮಾತ್ರ ಹೊರಡುವ ಸ್ಟಾರ್ಟರನ್ನು ಕಡ್ಡಾಯವಾಗಿ ಹಾಕಿಸಬೇಕು. ಅದರಲ್ಲಿ ಮೋಟಾರಿಗೆ ತಕ್ಕ ಓವರ್‌ಲೋಡ್ ರಿಲೇ ಇರಬೇಕು. ಸರಿಯಾದ ಅರ್ಥಿಂಗ್, ಜೊತೆಗೆ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕವಿಲ್ಲದೆ ಒದ್ದೆ ನೆಲದ ಮೇಲೆ ಯಂತ್ರ ನಡೆಸಬಾರದು. ಈ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ತಿರುಗುವ ದಿಕ್ಕನ್ನು ಬೆಲ್ಟು ಹಾಕುವ ಮೊದಲೇ ನೋಡಿಕೊಳ್ಳಬೇಕು. ಮೂರು ಫೇಸಿನವರು ಲೈನು ರಿಪೇರಿಯಾದ ಪ್ರತಿ ಸಲವೂ ಇದನ್ನು ಮತ್ತೆ ನೋಡುವುದು ಒಳ್ಳೆಯದು.

ರಕ್ಷಣೆ

1. ಹ್ಯಾಂಡಲನ್ನು ಬಿಚ್ಚಿ ತೆಗೆಯದೆ ಮೋಟಾರು ಹೊರಡಿಸಕೂಡದು. ತಿರುಗುವ ಹ್ಯಾಂಡಲ್ ಮುಂಗೈ ಮುರಿಯಬಲ್ಲದು.
2. ಎರಡೂ ಹಂತದ ಬೆಲ್ಟುಗಳಿಗೆ ತಂತಿ ಬಲೆಯ ಮುಚ್ಚಳ ಇರಬೇಕು. ಸೆರಗು, ಟವೆಲು, ಪಂಚೆಯ ಅಂಚು ಸಿಕ್ಕಿದರೆ ಎಳೆದುಕೊಳ್ಳಲು ಕ್ಷಣ ಸಾಕು.
3. ಹಾಪರಿನ ಬಾಯಿಗೆ ಹಣ್ಣು ಇಳಿಯುವಷ್ಟು, ಕೈ ಇಳಿಯದಷ್ಟು ಸಂದು ಬಿಟ್ಟು ಸರಳು ಹಾಕಿಸಬೇಕು.
4. ಹಣ್ಣು ಹಾಕುವವರ ಕೈಗೆಟಕುವಲ್ಲಿ ನಿಲ್ಲಿಸುವ ಕೆಂಪು ಗುಂಡಿ ಇರಬೇಕು.
5. ಮಕ್ಕಳನ್ನು ಹತ್ತಿರ ಬಿಡಬಾರದು.

ಪರೀಕ್ಷೆ ಮಾಡುವ ರೀತಿ

ಮೋಟಾರು ಜೋಡಿಸುವ ಮೊದಲು ಕೈಯಿಂದ ತಿರುಗಿಸಿದ ಪಾರ್ಚ್‌ಮೆಂಟಿನಲ್ಲಿ ನೂರು ಕಾಳು ಎಣಿಸಿ ತೆಗೆದು, ಸೀಳಿದ ಕಾಳು ಎಷ್ಟೆಂದು ಬರೆದಿಡಬೇಕು. ಜೋಡಿಸಿದ ಮೇಲೆ ಅದೇ ದಿನದ ಹಣ್ಣಿನಿಂದ ಮತ್ತೆ ನೂರು ಕಾಳು ನೋಡಬೇಕು. ಜೊತೆಗೆ ಸಿಪ್ಪೆಯ ಕಡೆ ಕಾಳು ಹೋಗುತ್ತಿದೆಯೇ, ಕಾಳಿನ ಕಡೆ ಸುಲಿಯದ ಹಣ್ಣು ಬರುತ್ತಿದೆಯೇ ಗಮನಿಸಬೇಕು. ಸೀಳಿದ ಕಾಳು ಮೊದಲಿಗಿಂತ ಹೆಚ್ಚಾಗಿದ್ದರೆ ಸಂದನ್ನು ಸ್ವಲ್ಪ ಹಿಗ್ಗಿಸಿ ನೋಡಬೇಕು. ಅದರಿಂದ ಸರಿಹೋಗದಿದ್ದರೆ ಪಲ್ಪರಿನ ಪುಲ್ಲಿಯನ್ನು 12ರ ಬದಲು 14 ಅಂಗುಲಕ್ಕೆ ಬದಲಾಯಿಸಿದಲ್ಲಿ ವೇಗ 77ಕ್ಕೆ ಇಳಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಅರೇಬಿಕಾ ಮುಗಿದು ರೊಬಸ್ಟಾ ಶುರುವಾದಾಗ ಸಂದನ್ನು ಹೊಸದಾಗಿ ಹೊಂದಿಸಿ ಈ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಬೇರೆ ಯಂತ್ರಗಳಿಗೂ ಇದೇ ಲೆಕ್ಕ

ದನಗಳ ದಾಣಿಗೆ ಜೋಳ ಒಡೆಯುವ ಕೈ ಗಿರಣಿಗೆ ಮೋಟಾರು ಹಾಕುವವರೂ ಈ ಲೆಕ್ಕವನ್ನೇ ಹಿಡಿಯಬಹುದು. ಅಮೆರಿಕದಲ್ಲಿ ಹವ್ಯಾಸಕ್ಕಾಗಿ ಮನೆಯಲ್ಲೇ ಬಿಯರ್ ತಯಾರಿಸುವವರು ಮೊಳಕೆ ಬಾರ್ಲಿ ಒಡೆಯುವ ಎರಡು ಉರುಳೆಯ ಕೈ ಗಿರಣಿಗೆ ಮೋಟಾರು ಜೋಡಿಸಿಕೊಳ್ಳುತ್ತಾರೆ. ಅವರಿಗೂ ವೇಗವೇ ಮುಖ್ಯ. ಕಾಳು ಒಡೆಯಬೇಕು, ಹೊಟ್ಟು ಹರಿಯಬಾರದು. ರಸ ಸೋಸುವಾಗ ಆ ಹೊಟ್ಟೇ ಜರಡಿಯ ಕೆಲಸ ಮಾಡುತ್ತದೆ. ವೇಗ ಹೆಚ್ಚಿಸಿದರೆ ಹೊಟ್ಟು ಪುಡಿಯಾಗಿ ರಸ ಇಳಿಯದೆ ಕಟ್ಟಿಕೊಳ್ಳುತ್ತದೆ. ವಸ್ತು ಬೇರೆಯಾದರೂ ಪಾಠ ಒಂದೇ.

ಕೊನೆಯದಾಗಿ ಒಂದು ಮಾತು. ಬಿಚ್ಚಿದ ಹ್ಯಾಂಡಲನ್ನು ಗುಜರಿಗೆ ಹಾಕಬೇಡಿರಿ. ಇಡೀ ರಾತ್ರಿ ಕರೆಂಟು ಬಾರದ ದಿನ ಬೆಲ್ಟನ್ನು ಕಳಚಿ, ಹ್ಯಾಂಡಲನ್ನು ಸಿಕ್ಕಿಸಿ ಅಂದಿನ ಹಣ್ಣನ್ನು ಅಂದೇ ಮುಗಿಸಬಹುದು. ಪಲ್ಪರಿನ ಬಳಿ ಗೋಡೆಗೆ ಒಂದು ಮೊಳೆ ಹೊಡೆದು ಅಲ್ಲೇ ತೂಗುಹಾಕಿರಿ. ಅದು ಮೊಳೆಯ ಮೇಲಿದೆಯೆಂದು ನೋಡಿದ ಮೇಲೆಯೇ ಮೋಟಾರಿನ ಗುಂಡಿ ಒತ್ತುವ ಅಭ್ಯಾಸ ಮನೆಯವರಿಗೂ ಕಾರ್ಮಿಕರಿಗೂ ಆಗಲಿ. ಹಂಗಾಮು ಶುರುವಾಗುವ ಮೊದಲೇ, ಮಳೆ ಬಿಡುವಾದೊಡನೆ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.