ಕೊಕ್ಕೆ ಹಾಕಿ ಕೂತ ವೈರಸ್

ಎಚ್‌ಐವಿ ಬಿಳಿ ರಕ್ತಕಣಗಳನ್ನು ಕೊಲ್ಲುತ್ತದೆ ಎಂಬಷ್ಟು ಗೋಕಾಕ, ಮೂಡಲಗಿ, ಹುಕ್ಕೇರಿಯ ಹೈಸ್ಕೂಲು ಮಕ್ಕಳಿಗೂ ಗೊತ್ತು. ಬೆಳಗಾವಿ, ಬಾಗಲಕೋಟೆ ಸೀಮೆ ಈ ಸೋಂಕಿನ ಭಾರ ಬಹಳ ಹೊತ್ತಿದೆ. ಆದರೆ ಕೊಲ್ಲುವ ಮುನ್ನ ಅದು ಕೋಶದೊಳಗೆ ಏನು ಮಾಡುತ್ತದೆ?

ಎಚ್‌ಐವಿ ಒಂದು ರೆಟ್ರೊವೈರಸ್. ಇಂಥ ವೈರಸ್ಸಿನ ಆನುವಂಶಿಕ ಬರಹ ಆರ್‌ಎನ್‌ಎಯಲ್ಲಿರುತ್ತದೆ. ಎಚ್‌ಐವಿಯದು ಸುಮಾರು 9,700 ಅಕ್ಷರ, ಜೀನ್‌ಗಳು ಒಂಬತ್ತೇ. ಸಿಡಿ4 ಎಂಬ ರೋಗನಿರೋಧಕ ಕೋಶಕ್ಕೆ ನುಗ್ಗಿದ ಮೇಲೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವ ಆ ಬರಹವನ್ನು ಡಿಎನ್‌ಎಗೆ ತಿರುಗಿಸುತ್ತದೆ. ಇಂಟಿಗ್ರೇಸ್ ಎಂಬ ಇನ್ನೊಂದು ಅದನ್ನು ನಮ್ಮದೇ ಡಿಎನ್‌ಎಗೆ ಬೆಸೆದುಬಿಡುತ್ತದೆ.

ಇನ್ನು ಅದನ್ನು ಓದುವುದು ಯಾರು? ಕೋಶವೇ! ರೋಗಾಣು ಬಂದಾಗ ಸಿಡಿ4 ಕೋಶವನ್ನು ಎಬ್ಬಿಸಿ, ಬೇಕಾದ ಜೀನ್‌ಗಳ ಸ್ವಿಚ್ ಒತ್ತುವ ಪ್ರೋಟೀನು ಎನ್‌ಎಫ್-ಕಪ್ಪಾ-ಬಿ. 1986ರಲ್ಲಿ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಾಲಯದಲ್ಲಿ ರಂಜನ್ ಸೇನ್ ಇದನ್ನು ಕಂಡುಕೊಂಡರು. (1970ರಲ್ಲಿ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಂಡುಹಿಡಿದವರಲ್ಲಿ ಈ ಬಾಲ್ಟಿಮೋರ್ ಕೂಡ ಒಬ್ಬರು.) ಎಚ್‌ಐವಿ ತನ್ನ ಡಿಎನ್‌ಎ ತುದಿಯಲ್ಲೂ ಅದೇ ಸ್ವಿಚ್ ಇಟ್ಟುಕೊಂಡಿದೆ. ಲೈನಿಗೆ ಕೊಕ್ಕೆ ಹಾಕಿ ಪಂಪ್‌ಸೆಟ್ ಹಚ್ಚಿದ ಹಾಗೆ: ಕರೆಂಟ್ ಬಂತೆಂದರೆ ಕಳ್ಳ ಪಂಪೂ ಓಡುತ್ತದೆ. ಬಳಿಕ ಟ್ಯಾಟ್ ಎಂಬ ವೈರಸ್ ಪ್ರೋಟೀನು ಈ ಓದನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ವಿಪಿಆರ್ ಎಂಬ ಇನ್ನೊಂದು ವೈರಸ್ ಪ್ರೋಟೀನು ಕೋಶದ ವಿಭಜನೆಯನ್ನೇ ನಡುವೆ ತಡೆಯುತ್ತದೆ.

ಅಮೆರಿಕ, ಯುರೋಪಿನಲ್ಲಿ ಹೆಚ್ಚಾಗಿರುವ ಬಿ ಉಪಜಾತಿಗೆ ಇಂಥ ಸ್ವಿಚ್ ಸಾಮಾನ್ಯವಾಗಿ ಎರಡು. ನಮ್ಮ ದೇಶದಲ್ಲಿ ಹರಡಿರುವ ಸಿ ಉಪಜಾತಿಗೆ ಮೂರು. ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ ನಾಲ್ಕು ಸ್ವಿಚ್ಚಿನ ತಳಿಗಳನ್ನೂ ಭಾರತದಲ್ಲಿ ಗುರುತಿಸಿ 2012ರಲ್ಲಿ ಪ್ರಕಟಿಸಿತು. ಸ್ವಿಚ್ ಹೆಚ್ಚಿದಷ್ಟೂ ಓದು ಜೋರು. ನನಗಂತೂ ಈ ಇಡೀ ವಿಷಯದಲ್ಲಿ ಮೈ ನಡುಗಿಸುವ ಸಂಗತಿ ಇದೇ.

ಎಲ್ಲ ಸೋಂಕಿತ ಕೋಶಗಳೂ ಸಾಯುವುದಿಲ್ಲ. ಕೆಲವು ನಿದ್ದೆಗೆ ಜಾರಿ ವರ್ಷಗಟ್ಟಲೆ ಉಳಿಯುತ್ತವೆ. ಅವು ವಿಭಜನೆಯಾದಾಗ ವೈರಸ್ ಬರಹವೂ ನಕಲಾಗುತ್ತದೆ. ಬ್ಯಾಕ್2ರಂಥ, ಕೋಶದ ಬೆಳವಣಿಗೆಗೆ ಸಂಬಂಧಪಟ್ಟ ಜೀನಿನೊಳಗೇ ಅದು ಹೋಗಿ ಕೂತರೆ ಆ ಕೋಶದ ಸಂತತಿಯೇ ಹೆಚ್ಚಿದ್ದೂ ಕಂಡುಬಂದಿದೆ.

ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರದಲ್ಲಿ ಕೊಡುವ ಟಿಎಲ್‌ಡಿ ಗುಳಿಗೆಯಲ್ಲಿ ಮೂರು ಔಷಧ. ಟೆನೊಫೊವಿರ್, ಲ್ಯಾಮಿವುಡಿನ್ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸನ್ನು ಕಟ್ಟಿಹಾಕುತ್ತವೆ, ಡೊಲುಟೆಗ್ರಾವಿರ್ ಇಂಟಿಗ್ರೇಸನ್ನು. ಆದರೆ ಆಗಲೇ ಬೆಸೆದುಕೊಂಡ ಬರಹವನ್ನು ಮೂರೂ ಅಳಿಸಲಾರವು. ರಿಪೋರ್ಟಿನಲ್ಲಿ ವೈರಸ್ ಕಾಣುತ್ತಿಲ್ಲವೆಂದು ಗುಳಿಗೆ ಬಿಟ್ಟರೆ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅದು ರಕ್ತಕ್ಕೆ ಮರಳುವುದು ಇದಕ್ಕೇ.